ಗುಡ್ಡೆಯಲ್ಲಿ ಕಾಲುದಾರಿ ಮಾಡುವ ಮೊದಲು ಒಂದು ಮಳೆಗಾಲ ನಡೆಯಿರಿ: ಊರಿನ ನಿಸರ್ಗ ಉದ್ಯಾನಕ್ಕೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಗುಡ್ಡೆ, ಪದವು (ಗುಡ್ಡೆಯ ಮೇಲಿನ ಸಮತಟ್ಟು ಬಯಲು), ಕೆರೆ ಇರುವ ಯಾವ ಊರಿಗೆ ಹೋದರೂ ಈಗ ಒಂದು ಬೇಡಿಕೆ ಇದ್ದೇ ಇರುತ್ತದೆ. ನಮ್ಮಲ್ಲೂ ಒಂದು ನಿಸರ್ಗ ಉದ್ಯಾನ ಆಗಲಿ, ಬೆಳಿಗ್ಗೆ ಸಂಜೆ ನಡೆಯಲು ಜಾಗ ಆಗಲಿ ಅಂತ. ನ್ಯಾಯವಾದ ಬೇಡಿಕೆ. ಕದ್ರಿ ಪಾರ್ಕಿನಲ್ಲಿ, ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ, ಪಿಲಿಕುಳದಲ್ಲಿ ರಜೆಯ ದಿನ ಎಷ್ಟು ಜನ ಸೇರುತ್ತಾರೆ ಅಂತ ನೋಡಿದವರಿಗೆ ಇದರ ಅಗತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ತೊಂದರೆ ಇರುವುದು ಕೆಲಸ ನಡೆಯುವ ಕ್ರಮದಲ್ಲಿ. ಅನುದಾನ ಬರುವಾಗ ಚಳಿಗಾಲ ಆಗಿರುತ್ತದೆ. ಮಾರ್ಚ್ ಕೊನೆಯೊಳಗೆ ಖರ್ಚು ತೋರಿಸಬೇಕು. ಒಣಗಿದ ಗುಡ್ಡೆ ನೋಡಿ ಯಾರೋ ಗೆರೆ ಎಳೆಯುತ್ತಾರೆ. ಜೆಸಿಬಿ ಬರುತ್ತದೆ, ಇಂಟರ್‌ಲಾಕ್ ಕೂರುತ್ತದೆ, ಉದ್ಘಾಟನೆಯೂ ಆಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಗಸ್ಟಿನಲ್ಲಿ ಹೋಗಿ ನೋಡಿದರೆ ದಾರಿ ಹೋಗಿ ತೋಡು (ಸಣ್ಣ ಹಳ್ಳ) ಆಗಿರುತ್ತದೆ.

ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಇಷ್ಟು ನೀರು ಬೀಳುವ ಜಾಗದಲ್ಲಿ ದಾರಿ ಎಲ್ಲಿ ಹೋಗಬೇಕು ಅಂತ ಹೇಳುವುದು ಎಂಜಿನಿಯರ್ ಅಲ್ಲ, ಸಮಿತಿಯೂ ಅಲ್ಲ, ನೀರು. ಈ ಬರಹದ ಎಲ್ಲ ಹಂತಗಳ ಹಿಂದೆ ಇರುವುದು ಇದೊಂದೇ ಮಾತು.

ಇದು ಪಂಚಾಯತ್ ಸದಸ್ಯರಿಗೆ, ಯುವಕ ಮಂಡಲ ಮತ್ತು ಮಹಿಳಾ ಮಂಡಲದವರಿಗೆ, ಬೆಳಗಿನ ವಾಕಿಂಗ್ ಗೆಳೆಯರಿಗೆ ಬರೆದದ್ದು. ಲೆಕ್ಕ ಸುಲಭವಾಗಲಿ ಅಂತ ಒಂದು ಜಾಗವನ್ನು ಕಲ್ಪಿಸಿಕೊಳ್ಳೋಣ. 40 ಎಕರೆಯ ಒಂದು ಗುಡ್ಡೆ. ಕೆಳಗೆ ರಸ್ತೆ, ಗೇಟು. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು. ಗೇಟಿನಿಂದ ಪದವಿಗೆ 30 ಮೀಟರ್ ಎತ್ತರ. ನಡುವೆ ಗೇರು, ಅಕೇಶಿಯಾ, ಸ್ವಲ್ಪ ಹಳೆಯ ಕಾಡು. ಒಂದು ಬದಿಯಲ್ಲಿ ತೋಡು, ಅದರ ಹತ್ತಿರ ಒಂದು ನಾಗಬನ. ನಮ್ಮ ಕಡೆಯ ಹೆಚ್ಚಿನ ಗುಡ್ಡೆಗಳು ಇದೇ ತರ ಇರುತ್ತವೆ, ಅಲ್ವಾ?

ಹಂತ 1: ಜಾಗ ಯಾರದು ಅಂತ ಕಾಗದದಲ್ಲಿ ನೋಡಿ

ಮೊದಲು ಸರ್ವೆ ನಂಬರ್ ತಿಳಿದುಕೊಳ್ಳಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಗುಡ್ಡೆಯ ಮೇಲೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ. ಆಮೇಲೆ ಪಹಣಿ, ಸರ್ವೆ ನಕ್ಷೆ ತೆಗೆಸಿ. ಸರ್ಕಾರಿ ಜಾಗ ಅಂತ ಬಾಯಿಮಾತಿನಲ್ಲಿ ಹೇಳುವ ಗುಡ್ಡೆಯಲ್ಲಿ ಅರಣ್ಯ, ಗೋಮಾಳ, ಕುಮ್ಕಿ ಎಲ್ಲ ಸೇರಿಕೊಂಡಿರಬಹುದು. ಕುಮ್ಕಿ ಅಂದರೆ ಪಕ್ಕದ ಕೃಷಿಕರಿಗೆ ಸೊಪ್ಪು, ಸೌದೆ ತರುವ ಹಳೆಯ ಹಕ್ಕು ಇರುವ ಸರ್ಕಾರಿ ಜಾಗ. ಆ ಮನೆಯವರನ್ನು ಕೇಳದೆ ಬೇಲಿ ಹಾಕಿದರೆ ಜಗಳ ಖಂಡಿತ. ಅದರಲ್ಲಿ ನ್ಯಾಯ ಅವರ ಕಡೆಗೇ ಇರುತ್ತದೆ.

ಅರಣ್ಯ ಅಂತ ದಾಖಲಾದ ಜಾಗಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರ ತಿದ್ದುಪಡಿಯ ನಂತರ ಇದರ ಹೆಸರು ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ) ಅನ್ವಯಿಸುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಜೊತೆಗೇ ಕೆಲಸ ಮಾಡಬೇಕು. ಉಳಿದ ಕಡೆಯೂ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗುತ್ತದೆ. ಗುಡ್ಡೆಯ ಬುಡಕ್ಕೆ ಉಬ್ಬರದ ಉಪ್ಪುನೀರು ಬರುವ ಹೊಳೆ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡದೆ ಒಂದು ಕಲ್ಲನ್ನೂ ಇಡಬೇಡಿ. ಪಂಚಾಯತ್ ಅಥವಾ ನಗರಸಭೆಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಯವರು ಮಾಡಿಸಿದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ನಿಮ್ಮ ಗುಡ್ಡೆಯ ಮರ, ಹಕ್ಕಿಗಳ ಹೆಸರು ಸಿಕ್ಕಿದರೆ ಅರ್ಧ ಕೆಲಸ ಹಗುರಾಯಿತು.

ಹಂತ 2: ಈಗಾಗಲೇ ಬರುವವರನ್ನು ಮಾತನಾಡಿಸಿ

ಖಾಲಿ ಗುಡ್ಡೆ ಅನ್ನುವುದು ಇಲ್ಲ. ದನ ಬಿಡುವವರು, ತರಗೆಲೆ ಗುಡಿಸುವವರು, ಮುಳಿಹುಲ್ಲು ಕೊಯ್ಯುವವರು, ದೈವಸ್ಥಾನಕ್ಕೆ ಅಡ್ಡದಾರಿಯಲ್ಲಿ ಹೋಗುವವರು, ಕ್ರಿಕೆಟ್ ಆಡುವ ಮಕ್ಕಳು, ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಹೂ ಹುಡುಕಿಕೊಂಡು ಪದವಿಗೆ ಬರುವವರು. ಇವರೆಲ್ಲ ನಿಮಗಿಂತ ಮೊದಲು ಅಲ್ಲಿ ದಾರಿ ಮಾಡಿಕೊಂಡಿದ್ದಾರೆ. ಆ ದಾರಿಗಳನ್ನು ನಕ್ಷೆಯಲ್ಲಿ ಗುರುತು ಹಾಕಿ. ಹೊಸ ದಾರಿ ಅಲ್ಲಿಗೆ ಹೋಗದಿದ್ದರೂ ಹಳೆಯ ದಾರಿ ಮುಚ್ಚಬಾರದು. ಮುಚ್ಚಿದರೂ ಜನ ಬೇಲಿ ದಾಟಿ ಅಲ್ಲೇ ನಡೆಯುತ್ತಾರೆ.

ಕೇಳುವಾಗ "ಇಲ್ಲಿ ಏನು ಬೇಕು" ಅಂತ ಕೇಳಬೇಡಿ. ಆ ಪ್ರಶ್ನೆಗೆ ಜೋಕಾಲಿ, ಕಾರಂಜಿ, ಸೆಲ್ಫಿ ಪಾಯಿಂಟ್ ಅಂತ ಉತ್ತರ ಬರುತ್ತದೆ. "ನೀವು ಎಲ್ಲಿಂದ ಬರ್ತೀರಿ, ಯಾವ ಹೊತ್ತಿಗೆ, ಎಲ್ಲಿ ಕೂತುಕೊಳ್ತೀರಿ, ಎಲ್ಲಿಗೆ ಹೋಗಲು ಹೆದರಿಕೆ ಆಗ್ತದೆ" ಅಂತ ಕೇಳಿ. ಹೆಂಗಸರನ್ನು ಹೆಂಗಸರೇ ಕೇಳಲಿ. ಸಂಜೆ 6ರ ಮೇಲೆ ಯಾಕೆ ಬರುವುದಿಲ್ಲ ಅಂತ ಅವರು ಹೇಳುವ ಕಾರಣ ಯಾವ ಸಮೀಕ್ಷೆಯಲ್ಲೂ ಸಿಗುವುದಿಲ್ಲ.

ದನ ಮೇಯಿಸುವ ಹಿರಿಯರೊಬ್ಬರು ಸಿಕ್ಕಿದರೆ ಅವರನ್ನು ಬಿಡಲೇಬೇಡಿ. "ಅಣ್ಣ, ಈ ಕಣಿಯಲ್ಲಿ ನೀರು ಇರ್ತದಾ?" ಅಂತ ಕೇಳಿದರೆ, "ಈಗ ಎಂತ ಉಂಟು, ಆಟಿಯಲ್ಲಿ ಬನ್ನಿ, ಇಲ್ಲಿ ಮೊಣಕಾಲು ಮುಳುಗುವಷ್ಟು ನೀರು" ಅಂತ ಅವರು ಕೈ ತೋರಿಸಿ ಹೇಳುತ್ತಾರೆ. ಆಟಿ ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳು. ಆ ಜಾಗಕ್ಕೆ ನಕ್ಷೆಯಲ್ಲಿ ನೀಲಿ ಬಣ್ಣ ಹಾಕಿ.

ಜೊತೆಗೆ ಎಣಿಕೆಯೂ ಬೇಕು. ಒಂದು ವಾರದ ದಿನ, ಒಂದು ಭಾನುವಾರ, ಬೆಳಿಗ್ಗೆ ಮತ್ತು ಸಂಜೆ ಗೇಟಿನಲ್ಲಿ ಕೂತು ಬರೆದುಕೊಳ್ಳಿ. ಎಷ್ಟು ಜನ, ಮಕ್ಕಳೆಷ್ಟು, ವಯಸ್ಸಾದವರೆಷ್ಟು, ಯಾವ ವಾಹನದಲ್ಲಿ ಬಂದರು. ಪಾರ್ಕಿಂಗ್, ಶೌಚಾಲಯದ ಲೆಕ್ಕ ಎಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಹಂತ 3: ಕೊಡೆ ಹಿಡಿದು ನಡೆದು ನಕ್ಷೆ ಮಾಡಿ

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎತ್ತರದ ಗೆರೆಗಳ ನಡುವೆ 20 ಮೀಟರ್ ಅಂತರ. ನಮ್ಮ 40 ಎಕರೆಯ ಗುಡ್ಡೆಯ ಮೇಲೆ ಅಂಥ ಗೆರೆ ಒಂದೋ ಎರಡೋ ಬೀಳುತ್ತದೆ ಅಷ್ಟೆ. ಗೂಗಲ್ ಚಿತ್ರದಲ್ಲಿ ಮರದ ತಲೆ ಕಾಣುತ್ತದೆ, ನೆಲ ಕಾಣುವುದಿಲ್ಲ. ಹಾಗಾಗಿ ಕಾಲೇ ಗತಿ.

ಜೂನ್ ಎರಡನೇ ವಾರದಿಂದ ಆಗಾಗ ಹೋಗಿ. ಜೋರು ಮಳೆ ಬರುತ್ತಿರುವಾಗ ಒಮ್ಮೆ, ಮಳೆ ನಿಂತು ಒಂದು ಗಂಟೆ ಆದಮೇಲೆ ಒಮ್ಮೆ, ಎರಡು ದಿನ ಬಿಸಿಲು ಬಿದ್ದಮೇಲೆ ಒಮ್ಮೆ. ಮೊದಲನೆಯ ಸಲ ನೀರು ಹರಿಯುವ ಜಾಗ ಕಾಣುತ್ತದೆ. ಎರಡನೆಯ ಸಲ ನೀರು ನಿಲ್ಲುವ ಜಾಗ. ಮೂರನೆಯ ಸಲ ಇನ್ನೂ ಒಸರುತ್ತಿರುವ ಜಾಗ ಕಾಣುತ್ತದೆ, ಅದೇ ಎಲ್ಲಕ್ಕಿಂತ ಮುಖ್ಯ.

ಯಾಕೆ ಅಂದರೆ ನಮ್ಮ ಗುಡ್ಡೆಗಳ ರಚನೆಯೇ ಹಾಗೆ. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಇದು ಎಷ್ಟು ಗಟ್ಟಿ ಅನಿಸುತ್ತದೆ. ನೀರು ಕುಡಿದಾಗ ಅದರ ಕಸುವೆಲ್ಲ ಹೋಗಿಬಿಡುತ್ತದೆ. ಗುಡ್ಡೆಯ ಬದಿ ಕಡಿದು ದಾರಿ ಮಾಡುವಾಗ ಮುರಕಲ್ಲಿನ ಪದರ ದಾಟಿ ಬಿಳಿ, ಗುಲಾಬಿ ಬಣ್ಣದ ಶೇಡಿ ತೆರೆದುಕೊಂಡರೆ ಅಲ್ಲಿ ದರೆ ಕುಸಿಯುವುದು ಇವತ್ತೋ ನಾಳೆಯೋ ಅಷ್ಟೆ. ಮಳೆಗಾಲದಲ್ಲಿ ನೀರು ಒಸರುವ ಜಾಗ ಹೆಚ್ಚಾಗಿ ಮುರಕಲ್ಲು, ಶೇಡಿ ಎರಡೂ ಸೇರುವ ಮಟ್ಟದಲ್ಲೇ ಇರುತ್ತದೆ. ಆ ಮಟ್ಟವನ್ನು ಗುಡ್ಡೆಯ ಸುತ್ತಲೂ ಗುರುತು ಮಾಡಿಕೊಳ್ಳಿ. ದಾರಿ ಅಲ್ಲಿ ಬದಿ ಕಡಿಯುವ ಹಾಗೆ ಹೋಗಲೇಬಾರದು.

ಫೋನಿನ ಜಿಪಿಎಸ್ ಕಾಡಿನೊಳಗೆ ಐದು ಹತ್ತು ಮೀಟರ್ ಆಚೀಚೆ ಆಗುತ್ತದೆ. ಮರಕ್ಕೆ ಬಟ್ಟೆಯ ತುಂಡು ಕಟ್ಟಿ ನಂಬರ್ ಬರೆದರೆ ಅದೇ ಹೆಚ್ಚು ನಂಬಿಕೆಯ ಗುರುತು.

ಹಂತ 4: ಮುಟ್ಟಬಾರದ ಜಾಗಗಳಿಗೆ ಮೊದಲು ಗೆರೆ ಹಾಕಿ

ಎಲ್ಲರೂ ದಾರಿ ಎಲ್ಲಿ ಅಂತ ಶುರು ಮಾಡುತ್ತಾರೆ. ನೀವು ದಾರಿ ಎಲ್ಲಿ ಬೇಡ ಅಂತ ಶುರು ಮಾಡಿ. ಉಳಿದ ಜಾಗದಲ್ಲಿ ದಾರಿ ತಾನಾಗಿ ಕಾಣುತ್ತದೆ.

ನಾಗಬನ ಮೊದಲನೆಯದು. ಅದರ ಮನೆತನದವರನ್ನು ಕೇಳಿ ಎಷ್ಟು ದೂರ ಬಿಡಬೇಕು ಅಂತ ತೀರ್ಮಾನಿಸಿ. ಅಲ್ಲಿ ಫಲಕ, ಬೆಂಚು, ದೀಪ ಯಾವುದೂ ಬೇಡ. ತಲೆಮಾರುಗಳಿಂದ ಕತ್ತಿ ಸೋಕದ ಮರಗಳು ಊರಿನಲ್ಲಿ ಉಳಿದಿರುವುದು ಇಂಥ ಬನಗಳಲ್ಲೇ.

ಎರಡನೆಯದು ತೋಡಿನ ದಂಡೆ. ಎರಡೂ ಬದಿಗೆ ಕನಿಷ್ಠ 10 ಮೀಟರ್ ಬಿಡಿ. ದಾರಿ ತೋಡಿನ ಉದ್ದಕ್ಕೂ ಹೋದರೆ ಚೆಂದ ಅನಿಸುತ್ತದೆ, ಆದರೆ ದಂಡೆ ಸವೆದು ಬೇರು ಹೊರಗೆ ಬರುತ್ತದೆ. ಒಂದೋ ಎರಡೋ ಕಡೆ ನೀರಿನ ಹತ್ತಿರ ಬಂದು ಮತ್ತೆ ದೂರ ಹೋಗಲಿ, ಸಾಕು.

ಮೂರನೆಯದು ಪದವು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಎಲ್ಲರೂ ಬರಡು ಅಂದುಕೊಳ್ಳುತ್ತಾರೆ. ಪಾರ್ಕಿಂಗ್ ಮಾಡಲು, ವೇದಿಕೆ ಕಟ್ಟಲು ಮೊದಲು ಕಣ್ಣು ಬೀಳುವುದು ಇದರ ಮೇಲೆ. ಮೇ ತಿಂಗಳಲ್ಲಿ ಬರೀ ಕಪ್ಪು ಕಲ್ಲು, ಒಣ ಹುಲ್ಲು. ಆಗಸ್ಟಿನಲ್ಲಿ ಅದೇ ಕಲ್ಲಿನ ಮೇಲೆ ಮೊಣಕಾಲೂರಿ ನೋಡಿ. ಬೆರಳಿನ ಉಗುರಿಗಿಂತ ಸಣ್ಣ ನೀಲಿ ಹೂಗಳು ಹಾಸಿರುತ್ತವೆ. ಮಣ್ಣು ಒಂದು ಇಂಚೂ ಇಲ್ಲದ ಜಾಗದಲ್ಲಿ ಸಣ್ಣ ಜೀವಿಗಳನ್ನು ಹಿಡಿದು ಬದುಕುವ ಕೀಟಾಹಾರಿ ಗಿಡಗಳ ಹೂ ಅವು. ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಕಪ್ಪೆಯ ಮರಿಗಳಿರುತ್ತವೆ. ಅದೇ ನೀರು ಇಂಗಿ ಕೆಳಗಿನ ಬಾವಿಗಳಿಗೆ ಬರುತ್ತದೆ. ಪದವಿನ ಮೇಲೆ ದಾರಿ ಬೇಕಾದರೆ ಅಂಚಿನಲ್ಲಿ ಒಂದೇ ದಾರಿ ಇರಲಿ. ಅದೂ ಬರಿ ಕಲ್ಲಿನ ಮೇಲೆ, ಬಿಳಿ ಬಣ್ಣದ ಚುಕ್ಕೆ ಹಾಕಿ ತೋರಿಸಿದ್ದು. ಮಣ್ಣು ತುಂಬಿಸಿ ಹುಲ್ಲುಹಾಸು ಮಾಡುವುದು, ಗಿಡ ನೆಡುವುದು ಎರಡೂ ಬೇಡ.

ಮಂಗಟ್ಟೆ ಹಕ್ಕಿ ಗೂಡು ಮಾಡುವ ಪೊಟರೆ ಇರುವ ದೊಡ್ಡ ಮರಗಳಿದ್ದರೆ ಅವುಗಳಿಂದಲೂ ದಾರಿ ದೂರ ಇರಲಿ. ಹೆಣ್ಣು ಹಕ್ಕಿ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಕೂತಿರುತ್ತದೆ. ಹೊರಗಿನಿಂದ ಗಂಡು ಆಹಾರ ತಂದುಕೊಡಬೇಕು. ಕೆಳಗೆ ಜನ ನಿಂತು ಫೋಟೋ ತೆಗೆಯುತ್ತಿದ್ದರೆ ಅದು ಬರುವುದೇ ಇಲ್ಲ.

ಹಂತ 5: ಯಾವ ಚಟುವಟಿಕೆ ಎಲ್ಲಿ

ಗುಡ್ಡೆಯನ್ನು ಮೂರು ಭಾಗ ಮಾಡಿಕೊಳ್ಳಿ. ಗೇಟಿನ ಹತ್ತಿರ ಗದ್ದಲದ ಜಾಗ, ನಡುವೆ ನಡೆಯುವ ಜಾಗ, ಆಚೆ ಮೌನದ ಜಾಗ. ಶೌಚಾಲಯ, ಕುಡಿಯುವ ನೀರು, ಮಕ್ಕಳ ಆಟ, ಬುತ್ತಿ ಬಿಚ್ಚಿ ತಿನ್ನುವ ಕಟ್ಟೆ ಎಲ್ಲ ಗೇಟಿನಿಂದ 100 ಮೀಟರ್ ಒಳಗೇ ಇರಲಿ. ತಿಂಡಿ ಅದರಿಂದ ಆಚೆಗೆ ಹೋಗದಿದ್ದರೆ ಕಸದ ಸಮಸ್ಯೆ ಅಲ್ಲೇ ನಿಲ್ಲುತ್ತದೆ, ಮಂಗಗಳ ಕಾಟವೂ ಕಡಿಮೆ. ನಡುವಿನ ಭಾಗದಲ್ಲಿ ನಡಿಗೆ, ಓಟ, ಹಕ್ಕಿ ನೋಡುವುದು. ಮೌನದ ಭಾಗದಲ್ಲಿ ಒಂದೇ ಸಣ್ಣ ದಾರಿ, ಸಾಲಾಗಿ ನಡೆಯುವಷ್ಟು.

ಬೇಡ ಅನ್ನುವುದನ್ನು ಮೊದಲೇ ಬರೆದಿಡಿ: ಧ್ವನಿವರ್ಧಕ, ರಾತ್ರಿ ದೀಪಾಲಂಕಾರ, ಬೈಕು, ಬೆಂಕಿ ಹಾಕಿ ಅಡುಗೆ. ಜಿಪ್‌ಲೈನ್, ಕಾರಂಜಿಯ ಪ್ರಸ್ತಾವ ಖಂಡಿತ ಬರುತ್ತದೆ. ಅಂಥದ್ದಕ್ಕೆ ಪಟ್ಟಣದಲ್ಲಿ ಬೇರೆ ಜಾಗ ಇದೆ, ಗುಡ್ಡೆಗೆ ಬದಲಿ ಜಾಗ ಇಲ್ಲ ಅಂತ ನಾನು ಯಾವ ಸಭೆಯಲ್ಲೂ ಹೇಳುತ್ತೇನೆ.

ಸೈಕಲ್‌ಗೆ ಬೇಡಿಕೆ ಇದ್ದರೆ ಬೇರೆಯೇ ದಾರಿ ಮಾಡಿ, ಇಲ್ಲವಾದರೆ ಬೇಡ ಅನ್ನಿ. ಇಳಿಜಾರಿನಲ್ಲಿ ಬರುವ ಸೈಕಲ್ಲು, ಕೋಲೂರಿಕೊಂಡು ನಡೆಯುವ ಅಜ್ಜ ಒಂದೇ ದಾರಿಯಲ್ಲಿ ಇರಬಾರದು.

ಹಂತ 6: ದಾರಿಯ ಗೆರೆ ಎಳೆಯುವುದು

ಈಗ ಮುಖ್ಯ ಕೆಲಸ. ಗುಡ್ಡೆ ಹತ್ತಲು ನೆಟ್ಟಗಿನ ದಾರಿ ಮಾಡಿದರೆ ನೀರೂ ಅದೇ ದಾರಿಯಲ್ಲಿ ಇಳಿಯುತ್ತದೆ. ಗುಡ್ಡೆಗೆ ಅಡ್ಡವಾಗಿ, ಓರೆಯಾಗಿ, ನಿಧಾನವಾಗಿ ಏರಬೇಕು. ಇದಕ್ಕೆ ಲೋಕದಲ್ಲೆಲ್ಲ ಬಳಸುವ ಎರಡು ಲೆಕ್ಕಗಳಿವೆ. ಒಂದು, ದಾರಿಯ ಏರು ಗುಡ್ಡೆಯ ಏರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಎರಡು, ಒಟ್ಟಾರೆ ಸರಾಸರಿ ಶೇಕಡಾ 10 (ಅಂದರೆ 100 ಮೀಟರಿಗೆ 10 ಮೀಟರ್ ಏರು) ದಾಟಬಾರದು.

ನಮ್ಮ ಗುಡ್ಡೆಯ ಏರು ಶೇಕಡಾ 25 ಅಂತ ಇಟ್ಟುಕೊಳ್ಳಿ. ಅರ್ಧ ಅಂದರೆ 12.5. ಆದರೆ ನಮ್ಮ ಮಳೆಗೆ, ನಮ್ಮ ಮಣ್ಣಿಗೆ 8 ಇಟ್ಟುಕೊಂಡರೆ ಕ್ಷೇಮ. 30 ಮೀಟರ್ ಎತ್ತರ ಶೇಕಡಾ 8ರಲ್ಲಿ ಏರಲು 375 ಮೀಟರ್ ದಾರಿ ಬೇಕು. ನೆಟ್ಟಗೆ ಹತ್ತಿದ್ದರೆ 120 ಮೀಟರಿನಲ್ಲಿ ಮುಗಿಯುತ್ತಿತ್ತು. ಉದ್ದ ಆಯಿತಲ್ಲ ಅಂತ ಯಾರಾದರೂ ಹೇಳಿದರೆ, ಜನ ಬರುವುದೇ ನಡೆಯಲಿಕ್ಕೆ ಅಂತ ನೆನಪಿಸಿ.

ಅಳೆಯಲು ದುಬಾರಿ ಯಂತ್ರ ಬೇಡ. ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಒಳಗೆ ಗಾಳಿ ಗುಳ್ಳೆ ಇಲ್ಲ ಅಂತ ನೋಡಿಕೊಳ್ಳಿ. ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲು, 10 ಮೀಟರ್ ಹಗ್ಗ ಇರಲಿ. ಹಗ್ಗದ ಒಂದೊಂದು ತುದಿಯಲ್ಲಿ ಒಬ್ಬೊಬ್ಬರು ಕೋಲು ನೆಟ್ಟಗೆ ಹಿಡಿದು ಪೈಪಿನ ನೀರಿನ ಮಟ್ಟ ಓದಬೇಕು. ವ್ಯತ್ಯಾಸ 80 ಸೆಂಟಿಮೀಟರ್ ಬಂದರೆ ಏರು ಶೇಕಡಾ 8. ಜಾಸ್ತಿ ಬಂದರೆ ಮುಂದಿನವರು ಗುಡ್ಡೆಯಲ್ಲಿ ಸ್ವಲ್ಪ ಕೆಳಗೆ ಸರಿಯಬೇಕು, ಕಡಿಮೆ ಬಂದರೆ ಮೇಲೆ. ಹೊಂದಿದ ಕೂಡಲೇ ಅಲ್ಲಿಗೆ ಒಂದು ಗೂಟ. ಮೂವರು ಸೇರಿದರೆ ಒಂದು ಬೆಳಿಗ್ಗೆಯಲ್ಲಿ ಮೂರು ನಾಲ್ಕು ನೂರು ಮೀಟರ್ ಗುರುತು ಮಾಡಬಹುದು.

ಗೂಟ ಹಾಕುವಾಗ ಇನ್ನೊಂದು ವಿಷಯ ಸೇರಿಸಿಕೊಳ್ಳಿ. ಪ್ರತಿ 15 ಮೀಟರಿಗೆ ಒಮ್ಮೆ ದಾರಿ ಎರಡು ಮೂರು ಹೆಜ್ಜೆ ಇಳಿದು ಮತ್ತೆ ಏರಬೇಕು. ಆ ತಗ್ಗಿನಲ್ಲಿ ದಾರಿಯ ಮೇಲೆ ಬಂದ ನೀರು ಹೊರಗೆ ಬಿದ್ದುಹೋಗುತ್ತದೆ, ಮುಂದೆ ಓಡಿ ಬಲ ಹೆಚ್ಚಿಸಿಕೊಳ್ಳುವುದಿಲ್ಲ. ನಡೆಯುವವರಿಗೆ ಗೊತ್ತೂ ಆಗದಷ್ಟು ಸಣ್ಣ ತಗ್ಗು ಸಾಕು. ಜೊತೆಗೆ ದಾರಿಯ ಹೊರ ಅಂಚಿಗೆ ವಾಟ (ಇಳಿಜಾರು) ಬೇಕು, ಒಂದು ಮೀಟರ್ ಅಗಲಕ್ಕೆ ಸುಮಾರು 5 ಸೆಂಟಿಮೀಟರ್. ಗುಡ್ಡೆಯಿಂದ ಇಳಿದ ನೀರು ದಾರಿಗೆ ಅಡ್ಡವಾಗಿ ದಾಟಿ ಹೋಗಬೇಕು. ಹೊರ ಅಂಚಿನಲ್ಲಿ ಕಲ್ಲು ಜೋಡಿಸಿ ಅಂದ ಮಾಡಲು ಹೋದರೆ ಈ ವಾಟ ವ್ಯರ್ಥ. ಆ ಕಲ್ಲಿನ ಸಾಲೇ ನೀರನ್ನು ದಾರಿಯೊಳಗೆ ಹಿಡಿದಿಡುತ್ತದೆ.

ಅಗಲದ ವಿಷಯ ಬೇಗ ಮುಗಿಸುತ್ತೇನೆ. ಮುಖ್ಯ ದಾರಿ ಒಂದೂವರೆ ಮೀಟರ್, ಒಳಗಿನ ದಾರಿ 75ರಿಂದ 90 ಸೆಂಟಿಮೀಟರ್. ನೆಲದಿಂದ ಎರಡೂವರೆ ಮೀಟರ್ ಎತ್ತರದವರೆಗೆ ಕೊಂಬೆ ಸವರಿ, ಕೊಡೆ ಹಿಡಿದು ನಡೆಯುವ ಊರು ನಮ್ಮದು.

ಆಕಾರ ಸುತ್ತುಸುತ್ತಾಗಿರಲಿ. ಗೇಟಿನಿಂದ ಹೊರಟು ಗೇಟಿಗೇ ಬರುವ 600 ಮೀಟರಿನ ಸಣ್ಣ ಸುತ್ತು, ಅದರಿಂದ ಕವಲೊಡೆಯುವ ಒಂದೂವರೆ ಕಿಲೋಮೀಟರಿನ ಸುತ್ತು, ಪದವಿನ ಅಂಚಿಗೆ ಹೋಗಿ ಬರುವ ದೊಡ್ಡ ಸುತ್ತು. ಅವರವರ ಕಾಲಿನ ಶಕ್ತಿಗೆ, ಹೊತ್ತಿಗೆ ತಕ್ಕ ಹಾಗೆ ಆರಿಸಿಕೊಳ್ಳುತ್ತಾರೆ. ಹೋದ ದಾರಿಯಲ್ಲೇ ವಾಪಸ್ ಬರಬೇಕಾದರೆ ಜನ ನಡುವೆ ಅಡ್ಡದಾರಿ ಮಾಡಿಕೊಳ್ಳುತ್ತಾರೆ. ತಿರುವುಗಳಲ್ಲೂ ಅಷ್ಟೆ. ಮೇಲಿನ ದಾರಿ ಕೆಳಗಿನ ದಾರಿಗೆ ಕಾಣುವಷ್ಟು ಹತ್ತಿರ ಇದ್ದರೆ ಮಕ್ಕಳು ನಡುವೆ ಇಳಿದೇ ಇಳಿಯುತ್ತಾರೆ. ತಿರುವನ್ನು ದೊಡ್ಡ ಬಂಡೆ ಅಥವಾ ಪೊದೆಯ ಹಿಂದೆ ಇಡಿ.

ಹಂತ 7: ಕಾಲಿನ ಕೆಳಗೆ ಏನಿರಬೇಕು

ಮಳೆ ಹಿಡಿದು ಎರಡು ಮೂರು ವಾರ ಆದಮೇಲೆ ನಮ್ಮ ಅಂಗಳ ಹೇಗೆ ಜಾರುತ್ತದೆ ಅಂತ ಗೊತ್ತಲ್ಲ. ಮರದ ನೆರಳಿನ ಮುರಕಲ್ಲು, ಕಾಂಕ್ರೀಟು, ಇಂಟರ್‌ಲಾಕ್ ಎಲ್ಲದರ ಮೇಲೂ ಪಾಚಿ ಬರುತ್ತದೆ. ನಿಸರ್ಗ ಉದ್ಯಾನ ಅಂದಮೇಲೆ ನೆರಳು ಇದ್ದೇ ಇರುತ್ತದೆ. ಹಾಗಾಗಿ ನಯವಾದ ನೆಲ ಬೇಡವೇ ಬೇಡ.

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಮನೆಯ ಉಪಾಯವನ್ನು ಗುಡ್ಡೆಗೆ ತರಬೇಡಿ, ಅದು ಸೀದಾ ತೋಡಿಗೆ ಹೋಗಿ ಕಪ್ಪೆ, ಮೀನು ಸಾಯುತ್ತವೆ. ಹಳಬರ ಉಪಾಯ ಬೇರೆ ಇತ್ತು. ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಅಂಗಳದಲ್ಲಿ ನಡೆಯುವ ದಾರಿಗೆ ಅಡ್ಡಡ್ಡ ಹಾಸುತ್ತಿದ್ದರು. ನಾರು ಮೇಲೆ ಬರುವ ಹಾಗೆ ಇಟ್ಟರೆ ಕಾಲು ಜಾರುವುದಿಲ್ಲ, ಕೆಳಗೆ ನೀರು ಹರಿದು ಹೋಗುತ್ತದೆ. ಉದ್ಯಾನದಲ್ಲಿ ಕೆಸರಾಗುವ ಹತ್ತಿಪ್ಪತ್ತು ಮೀಟರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹಾಳಾದದ್ದನ್ನು ಪ್ರತಿ ವರ್ಷ ಬದಲಿಸುವ ಲೆಕ್ಕ ಮಾತ್ರ ಇಟ್ಟುಕೊಳ್ಳಿ.

ಉಳಿದ ಕಡೆ ಅಲ್ಲಿನ ಮಣ್ಣಿನದೇ ದಾರಿ ಒಳ್ಳೆಯದು. ತರಗೆಲೆ ಮತ್ತು ಮೇಲಿನ ಮೆದು ಮಣ್ಣು ತೆಗೆದು, ಕೆಳಗಿನ ಗಟ್ಟಿ ನೆಲ ಸಿಗುವವರೆಗೆ ಕೆರೆದು, ದಮ್ಮಸು ಮಾಡಿ. ಹೆಚ್ಚು ಜನ ಓಡಾಡುವ ಮುಖ್ಯ ದಾರಿಗೆ ಸಣ್ಣ ಜಲ್ಲಿ ಮತ್ತು ಕ್ರಷರ್ ಹುಡಿ ಬೆರೆಸಿ ಹಾಕಬಹುದು. ಮೆಟ್ಟಿಲು ಅನಿವಾರ್ಯವಾದ ಕಡೆ ಕಪ್ಪು ಶಿಲೆಯ ಕಲ್ಲಿಗೆ ಉಳಿಯಲ್ಲಿ ಗೀರು ಹೊಡೆಸಿ ಇಡಿ. ಮುರಕಲ್ಲಿನ ಮೆಟ್ಟಿಲು ನಡುವಿನಲ್ಲಿ ಸವೆದು, ಆ ಗುಂಡಿಯಲ್ಲಿ ನೀರು ನಿಂತು, ಅಲ್ಲೇ ಮೊದಲು ಪಾಚಿ ಕಟ್ಟುತ್ತದೆ.

ಹಂತ 8: ತೋಡು ದಾಟುವುದು

ಒಂದೇ ಕಡೆ ದಾಟಿ. ಸಿಮೆಂಟ್ ಪೈಪ್ ಹೂತು ಮಣ್ಣು ಹಾಕುವುದು ಅಗ್ಗ ಅನಿಸುತ್ತದೆ, ಆದರೆ ಮೊದಲ ದೊಡ್ಡ ಮಳೆಗೆ ತರಗೆಲೆ, ಕೊಂಬೆ ಬಂದು ಪೈಪಿನ ಬಾಯಿ ಕಟ್ಟುತ್ತದೆ. ನೀರು ಮೇಲೆ ಹತ್ತಿ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕಾಲುಸಂಕವೇ ಸರಿ. ಮಳೆಗಾಲದಲ್ಲಿ ನೀರು ಏರಿದ ಗುರುತು ದಂಡೆಯ ಮರದ ಬುಡದಲ್ಲಿ ಇರುತ್ತದೆ, ಸಿಕ್ಕಿಕೊಂಡ ಕಸ ನೋಡಿದರೆ ತಿಳಿಯುತ್ತದೆ. ಸಂಕ ಅದಕ್ಕಿಂತ ಒಂದು ಮೀಟರ್ ಮೇಲೆ ಇರಲಿ, ಎರಡೂ ಬದಿ ಕೈಹಿಡಿ ಇರಲಿ. ಕಂಬಗಳನ್ನು ನೀರಿನ ನಡುವೆ ಇಡಬೇಡಿ.

ಹಂತ 9: ಎಲ್ಲರಿಗೂ ಒಂದು ಸುತ್ತು

600 ಮೀಟರಿನ ಸಣ್ಣ ಸುತ್ತನ್ನು ಗಾಲಿಕುರ್ಚಿಯಲ್ಲಿ ಬರುವವರಿಗೆ, ಕೋಲು ಹಿಡಿದವರಿಗೆ, ಮಗುವಿನ ತಳ್ಳುಗಾಡಿಗೆ ಹೊಂದುವ ಹಾಗೆ ಮಾಡಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಮಾಡಬೇಕಾದ್ದೇ. ಏರು ಶೇಕಡಾ 5 ದಾಟದಿರಲಿ. ಅನಿವಾರ್ಯವಾದ ಕಡೆ 12 ಅಡಿಗೆ 1 ಅಡಿ ಏರುವ ರ್‍ಯಾಂಪ್, ನಡುವೆ ಸಮತಟ್ಟು ಜಾಗ, ಎರಡೂ ಬದಿ ಕೈಹಿಡಿ. ಇಲ್ಲಿ ಮಾತ್ರ ಕಾಂಕ್ರೀಟ್ ಒಪ್ಪಬಹುದು, ಆದರೆ ಹಸಿ ಇರುವಾಗ ಕಡ್ಡಿ ಪೊರಕೆಯಿಂದ ಅಡ್ಡಕ್ಕೆ ಗೀರಿ ಒರಟು ಮಾಡಿಸಿ. 60 ಮೀಟರಿಗೊಂದು ಬೆಂಚು, ಅದಕ್ಕೆ ಬೆನ್ನು ಮತ್ತು ಕೈ ಊರಲು ಆಸರೆ ಇರಬೇಕು. ಮಂಡಿ ನೋವಿನವರು ಏಳುವುದೇ ಆ ಆಸರೆಯಿಂದ. ಗೇಟಿನಲ್ಲಿ ಬೈಕು ತಡೆಯಲು ಹಾಕುವ ಕಬ್ಬಿಣದ ತಡಮೆ ಗಾಲಿಕುರ್ಚಿಯನ್ನೂ ತಡೆಯುತ್ತದೆ. 90 ಸೆಂಟಿಮೀಟರ್ ಸಂದು ಬಿಡಿ. ಬೈಕು ನುಗ್ಗಿದರೆ ಅದಕ್ಕೆ ಕಾವಲುಗಾರರು ಇರಲಿ.

ಹಂತ 10: ಫಲಕ ಮತ್ತು ಸುರಕ್ಷತೆ

ಮರದ ಹೆಸರು ಬರೆಯುವಾಗ ಕನ್ನಡದ ಜೊತೆ ತುಳುವಿನಲ್ಲೂ ಇರಲಿ, ಊರಿನಲ್ಲಿ ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಆಡುವವರಿದ್ದರೆ ಅದರಲ್ಲೂ ಇರಲಿ. ಊರಿನ ಹಿರಿಯರನ್ನೇ ಕೇಳಿ ಬರೆಸಿ. ಮರಕ್ಕೆ ಮೊಳೆ ಹೊಡೆಯಬೇಡಿ, ಪಕ್ಕದಲ್ಲಿ ಗೂಟ ನೆಡಿ.

ಅದಕ್ಕಿಂತ ಮುಖ್ಯ ನಂಬರ್ ಹಾಕಿದ ಕಂಬಗಳು. 100 ಮೀಟರಿಗೊಂದು ಇರಬೇಕು. ಬಿದ್ದು ಕಾಲು ಮುರಿದವರು 112ಕ್ಕೋ 108ಕ್ಕೋ ಫೋನ್ ಮಾಡಿದಾಗ "ಗುಡ್ಡೆಯಲ್ಲಿ ಎಲ್ಲೋ" ಅಂತ ಹೇಳಿದರೆ ಆಗುವುದಿಲ್ಲ, "14ನೇ ಕಂಬ" ಅಂದರೆ ಕಾವಲುಗಾರರು ಓಡಿ ಬರುತ್ತಾರೆ. ಸ್ಟ್ರೆಚರ್ ಹಿಡಿದು ನಾಲ್ಕು ಜನ ಇಳಿಯುವ ಒಂದು ದಾರಿ ಎಲ್ಲ ಕಡೆಯಿಂದಲೂ ಇರುವ ಹಾಗೆ ನೋಡಿಕೊಳ್ಳಿ.

ದಾರಿಯ ಎರಡೂ ಬದಿ ಒಂದು ಅಡಿ ಹುಲ್ಲು ಸವರಿ ಇಟ್ಟರೆ ಕೊಳಕುಮಂಡಲದಂಥ ಹಾವು ಮಲಗಿದ್ದರೂ ಕಾಣುತ್ತದೆ. ಹೆಜ್ಜೇನು ಕೂತ ಮರದ ಕೆಳಗಿನ ದಾರಿಯನ್ನು ಆ ತಿಂಗಳುಗಳಲ್ಲಿ ಮುಚ್ಚಿ. ಅಕ್ಟೋಬರ್, ನವೆಂಬರಿನ ಸಂಜೆ ಮತ್ತು ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪದವಿನಿಂದ ಜನರನ್ನು ಇಳಿಸಬೇಕು, ಸಿಡಿಲಿಗೆ ಅಲ್ಲಿ ನಿಂತವರೇ ಎತ್ತರದ ಗುರಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಮಳೆಯ ಸೂಚನೆ ಇದ್ದಾಗ. ಆ ದಿನ ಗೇಟು ತೆರೆಯಬೇಡಿ, ಮರುದಿನ ಒಮ್ಮೆ ಪೂರ್ತಿ ನಡೆದು ನೋಡಿದ ಮೇಲೆಯೇ ತೆರೆಯಿರಿ.

ಹಂತ 11: ಯಾವ ಕೆಲಸ ಯಾವ ತಿಂಗಳಲ್ಲಿ

ಜೂನ್‌ನಿಂದ ಸೆಪ್ಟೆಂಬರ್ ನಡೆದು ನೋಡುವುದು. ನವರಾತ್ರಿ ಕಳೆದಮೇಲೆ ಪೈಪು ಹಿಡಿದು ಗೂಟ ಹಾಕುವುದು, ಊರಿನವರನ್ನು ಕರೆದು ಗೂಟದ ಗೆರೆಯಲ್ಲೇ ಒಮ್ಮೆ ನಡೆಸುವುದು. ಕಾಗದದ ಪ್ಲಾನ್ ತೋರಿಸಿದರೆ ಯಾರೂ ಮಾತನಾಡುವುದಿಲ್ಲ, ಜಾಗದಲ್ಲಿ ನಿಲ್ಲಿಸಿದರೆ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ನವೆಂಬರ್ ಕೊನೆಯಿಂದ ದಾರಿ ಕಡಿಯುವ ಕೆಲಸ, ಮಣ್ಣಿನಲ್ಲಿ ಸ್ವಲ್ಪ ಪಸೆ ಇರುವಾಗಲೇ ದಮ್ಮಸು ಸರಿಯಾಗಿ ಕೂರುತ್ತದೆ. ಮಾರ್ಚಿನೊಳಗೆ ಪದವಿನ ಅಂಚಿನ ಮುಳಿಹುಲ್ಲು ಕೊಯ್ಯಿಸಿ ಬೆಂಕಿ ದಾಟದ ಹಾಗೆ ಪಟ್ಟಿ ಬಿಡಿಸಿ.

ಜೆಸಿಬಿ ಗೇಟಿನಿಂದ ಒಳಗೆ ಬರಬಾರದು. ಮೂರು ಅಡಿ ದಾರಿ ಬೇಕಾದಲ್ಲಿ ಅದು ಹತ್ತು ಅಡಿ ಕಡಿಯುತ್ತದೆ, ಮುರಕಲ್ಲಿನ ತೊಗಟೆ ಒಡೆದು ಶೇಡಿ ಹೊರಗೆ ಹಾಕುತ್ತದೆ. ಹಾರೆ, ಪಿಕ್ಕಾಸು, ಕತ್ತಿ ಹಿಡಿದ ಆರೇಳು ಜನ ಸಾಕು. ಟೆಂಡರಿನಲ್ಲೇ ಇದನ್ನು ಬರೆಸಿ. ಹಣ ಮಾರ್ಚಿಗೆ ಮುಗಿಸಬೇಕಾದರೆ ಶೌಚಾಲಯ, ಗೇಟು, ಪಾಗಾರ, ಬೆಂಚಿಗೆ ಖರ್ಚು ಮಾಡಿ. ಅವು ಮಳೆಗೆ ಕಾಯಬೇಕಾಗಿಲ್ಲ.

ಮೊದಲ ವರ್ಷ 600 ಮೀಟರಿನ ಸುತ್ತು ಮಾತ್ರ ಮುಗಿಸಿ. ಉಳಿದದ್ದಕ್ಕೆ ಗೂಟ ಹಾಗೇ ಇರಲಿ.

ಹಂತ 12: ಮೊದಲ ಮಳೆಗಾಲ ಕಳೆದ ಮೇಲೆ

ಗೇಟಿನ ಕೋಣೆಯಲ್ಲಿ ಒಂದು ಪುಸ್ತಕ ಇಡಿ. ಕಾವಲುಗಾರರು ವಾರಕ್ಕೊಮ್ಮೆ ನಡೆದು, ಕಂಬದ ನಂಬರ್ ಹಾಕಿ ಬರೆಯಲಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಅಂಚು ಜಾರಿದೆ, ಎಲ್ಲಿ ಜನ ಕೆಸರು ತಪ್ಪಿಸಲು ಪಕ್ಕದಲ್ಲಿ ನಡೆದು ದಾರಿ ಅಗಲ ಮಾಡಿದ್ದಾರೆ, ಯಾರು ಎಲ್ಲಿ ಜಾರಿ ಬಿದ್ದರು. ಪ್ರತಿ ವರ್ಷ ಮೇ ಮೂರನೇ ವಾರದಲ್ಲಿ ತಗ್ಗುಗಳಲ್ಲಿ ತುಂಬಿದ ತರಗೆಲೆ, ಮಣ್ಣು ತೆಗೆಯಬೇಕು. ಇದಕ್ಕೆ ಕೂಲಿಯ ಹಣವನ್ನು ಪಂಚಾಯತ್ ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ಇಡಿಸಿ. ಉದ್ಘಾಟನೆಗೆ ಸಿಗುವ ಹಣ ನಿರ್ವಹಣೆಗೆ ಸಿಗುವುದಿಲ್ಲ, ಅದನ್ನು ಮೊದಲ ಸಭೆಯಲ್ಲೇ ಕೇಳಬೇಕು.

ಪುಸ್ತಕದಲ್ಲಿ ಒಂದೇ ಕಂಬದ ನಂಬರ್ ಮತ್ತೆ ಮತ್ತೆ ಬಂದರೆ ಅಲ್ಲಿ ಮಣ್ಣು ತುಂಬಿಸುತ್ತ ಕೂರಬೇಡಿ. ಗೆರೆಯೇ ಸರಿ ಇಲ್ಲ ಅಂತ ಅರ್ಥ. ಮತ್ತೆ ಪೈಪು, ಕೋಲು ತನ್ನಿ. ಆ ತುಂಡನ್ನು ಗುಡ್ಡೆಯಲ್ಲಿ ಎರಡು ಮೂರು ಮೀಟರ್ ಮೇಲಕ್ಕೋ ಕೆಳಕ್ಕೋ ಸರಿಸಿ ಹೊಸ ಗೂಟ ಹಾಕಿ. ಹಳೆಯ ತುಂಡಿನ ನೆಲ ಕೆದಕಿ, ಅಡ್ಡಕ್ಕೆ ಕೊಂಬೆ ಹಾಸಿ, ಎರಡೂ ತುದಿಯಲ್ಲಿ ಕೇಪುಳದ ಗಿಡ ನೆಟ್ಟು ಮುಚ್ಚಿ. ತುದಿಗಳು ಕಣ್ಣಿಗೆ ಕಾಣದ ಹಾಗೆ ಆಗುವವರೆಗೆ ಜನ ಹಳೆಯ ದಾರಿಯನ್ನು ಬಿಡುವುದಿಲ್ಲ, ಹಾಗಾಗಿ ಈ ಕೆಲಸವನ್ನು ಹೊಸ ತುಂಡು ತೆರೆಯುವ ದಿನವೇ ಮುಗಿಸಿ.